ಚೆನ್ನಬಸಮ್ಮನ ಡಬ್ಬಿ

ನಾನು ಲಿಫ್ಟ್ ರಿಪೇರಿ ಮಾಡುವವನು. ಜಯನಗರ, ಬನಶಂಕರಿ ಕಡೆಯ ಹಳೆಯ ಅಪಾರ್ಟ್‌ಮೆಂಟುಗಳಿಂದ 'ಲಿಫ್ಟು ತಾನಾಗಿಯೇ ಮೇಲೆ ಹೋಗುತ್ತದೆ' ಎಂದು ಹೆದರಿ ಫೋನ್ ಮಾಡುವವರು ಈಗಲೂ ಇದ್ದಾರೆ. ಹೋಗಿ ನೋಡಿದರೆ ಎಲ್ಲೋ ಒಂದು ವೈರು ಸಡಿಲವಾಗಿರುತ್ತದೆ, ಅಷ್ಟೆ. ಇಪ್ಪತ್ತು ವರ್ಷದಲ್ಲಿ ಒಂದು ದೆವ್ವವೂ ನನ್ನ ಕೈಗೆ ಸಿಕ್ಕಿಲ್ಲ. ಇಂಥ ಕಥೆ ಹೇಳುವವರನ್ನು ಕಂಡರೆ ಮೊದಲೆಲ್ಲ ನಗುತ್ತಿದ್ದೆ. ಈಗ ನೀವು ನಗುವ ಸರದಿ.

ಮಗಳು ಚಿನ್ಮಯಿಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಹೆಂಡತಿ ಶಶಿಕಲಾ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮಗಳ ಜೊತೆ ವಾರ್ಡಿನಲ್ಲೇ ಉಳಿದಳು. ಚಿಕ್ಕಲಸಂದ್ರದ ಮನೆಗೆ ನಾನು ಹೋಗುತ್ತಿದ್ದುದು ಸ್ನಾನಕ್ಕೆ ಮಾತ್ರ. ಮೊದಲು ಅವಳ ಬಳೆ ಹೋದವು, ಆಮೇಲೆ ನನ್ನ ಬೈಕು. ನಮ್ಮಿಬ್ಬರ ನಡುವೆ ಬಿಲ್ಲಿನ ಮಾತು ಬಿಟ್ಟರೆ ಬೇರೆ ಮಾತೇ ಉಳಿಯಲಿಲ್ಲ, ಅದೂ ಜಗಳದಲ್ಲಿ ಮುಗಿಯುತ್ತಿತ್ತು.

ಒಂದು ಸಲ ಇಂಜೆಕ್ಷನ್ನಿಗೆ ದುಡ್ಡು ಸಾಲದೆ, ಅಟ್ಟದ ಮೇಲಿದ್ದ ನನ್ನ ಅಮ್ಮನ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿಬಂದೆ. ಅಮ್ಮ ತೀರಿಕೊಂಡು ಆಗ ಎರಡು ವರ್ಷ. ಎಲ್ಲ ಸೊಸೆಗೇ ಸೇರಬೇಕು ಎಂದು ಹೇಳಿಹೋಗಿದ್ದಳು. ಅದರಲ್ಲೊಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳದ ಮೇಲೆ 'ಚೆನ್ನಬಸಮ್ಮ' ಎಂದು ಚುಕ್ಕಿಚುಕ್ಕಿಯಾಗಿ ಅಮ್ಮನ ಹೆಸರು ಕೆತ್ತಿಸಿದ್ದು. ಚಿಕ್ಕವನಿದ್ದಾಗ ನಾನು ಬೀಳಿಸಿ ಅದರ ಅಂಚು ನೆಗ್ಗಿತ್ತು. ಮಾರಿದ್ದನ್ನು ಶಶಿಗೆ ಹೇಳಲಿಲ್ಲ. ಹೇಳುವ ಮುಖವಿರಲಿಲ್ಲ.

ಅದಾಗಿ ಹತ್ತು ದಿನಕ್ಕೆ, ಕೊಡುತ್ತಿದ್ದ ಔಷಧಿಯಿಂದ ಮಗಳ ಬಾಯಿತುಂಬ ಹುಣ್ಣಾಯಿತು. ಮೂರು ದಿನ ಗುಟುಕು ನೀರು ಬಿಟ್ಟರೆ ಗಂಟಲಲ್ಲಿ ಏನೂ ಇಳಿಯಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ತಿನ್ನದಿದ್ದರೆ ಮೂಗಿನಿಂದ ನಳಿಗೆ ಹಾಕುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಪಕ್ಕದ ಹಾಸಿಗೆಯ ಹುಡುಗನಿಗೆ ನಳಿಗೆ ಹಾಕುವಾಗ ಅವನು ಕೂಗಿಕೊಂಡದ್ದನ್ನು ಇವಳು ಕೇಳಿದ್ದಳು. 'ನಂಗೆ ಬೇಡಪ್ಪಾ' ಎಂದು ನನ್ನ ಶರ್ಟು ಹಿಡಿದುಕೊಂಡಿದ್ದಳು.

ಅಷ್ಟಾದರೂ ನಾನು ಕೆಲಸಕ್ಕೆ ಹೋಗಲೇಬೇಕಿತ್ತು. ಅರೆಕೆರೆಯಲ್ಲಿ ಒಂದು ಲಿಫ್ಟು ಸರಿಮಾಡಿ ಬರಿಗೈಲಿ ವಾರ್ಡಿಗೆ ಬಂದಾಗ ಒಂದು ಗಂಟೆ. ನೋಡುತ್ತೇನೆ, ಶಶಿ ಚಮಚದಲ್ಲಿ ಮಗಳಿಗೆ ಉಣಿಸುತ್ತಿದ್ದಾಳೆ. ಅವಳ ಮಡಿಲಲ್ಲಿ ಅಮ್ಮನ ಡಬ್ಬಿ.

"ಬಟ್ಟೆ ಒಗೆಯೋಕೆ ಹೋಗಿದ್ದೆ ರೀ. ಇಟ್ಬಿಟ್ಟು ಎಲ್ಲಿಗೆ ಹೋದ್ರಿ? ಇನ್ನೂ ಬಿಸಿಯಾಗಿದೆ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ದನಿ ಮೆತ್ತಗಿತ್ತು.

ಮುಚ್ಚಳ ತಿರುಗಿಸಿ ನೋಡಿದೆ. ಅದೇ ಹೆಸರು, ಅದೇ ನೆಗ್ಗು. ಒಳಗೆ ಹುರಿದಕ್ಕಿ ಗಂಜಿ, ಮೇಲೆ ಜೀರಿಗೆ, ತುಪ್ಪ. ಜ್ವರ ಬಂದಾಗ ಅಮ್ಮ ನನಗೆ ಮಾಡಿಕೊಡುತ್ತಿದ್ದುದು. ಮುಚ್ಚಳ ಹಿಡಿದು ನಿಂತಿದ್ದಾಗ ಮಗಳು ಕೇಳಿದಳು, "ಅಪ್ಪಾ, ಇನ್ನೂ ಇದ್ಯಾ?"

ನಳಿಗೆ ಹಾಕಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ.

ಆದರೂ ಹುಟ್ಟುಗುಣ ನೋಡಿ, ಸಡಿಲವಾದ ವೈರು ಹುಡುಕಲು ಹೊರಟೆ. ವಾರ್ಡಿನ ಬಾಗಿಲಲ್ಲಿದ್ದ ಸೆಕ್ಯುರಿಟಿ ಅಕ್ಕ, "ಪಾಸ್ ಇಲ್ದೆ ಒಂದು ನರಪಿಳ್ಳೆನೂ ಬಿಟ್ಟಿಲ್ಲಣ್ಣ" ಎಂದರು. ಹೊರಗಿನಿಂದ ಬರಲು ನಮ್ಮ ಹಾಸಿಗೆಗಿದ್ದ ಒಂದೇ ಪಾಸು ನನ್ನ ಜೇಬಿನಲ್ಲಿತ್ತು. ವಾರ್ಡಿನಲ್ಲಿ ಎಲ್ಲರನ್ನೂ ಕೇಳಿದೆ, ಯಾರೂ ತಂದಿರಲಿಲ್ಲ. ಡಬ್ಬಿ ಬಂದಾಗ ಮಗಳು ನಿದ್ದೆಯಲ್ಲಿದ್ದಳಂತೆ. ಪಾತ್ರೆ ಅಂಗಡಿಯವನು, "ಅವತ್ತು ಸಂಜೆನೇ ಎಲ್ಲಾ ಕರಗ್ಸೋಕೆ ಹೋಯ್ತು ಸಾರ್, ಬಿಡಿಬಿಡಿಯಾಗಿ ನಾವು ಮಾರಲ್ಲ" ಎಂದ. ಶಶಿಗೆ ಮಾತ್ರ ಏನೂ ಹೇಳಲಿಲ್ಲ. ನಾನೇ ತಂದೆನೆಂದು ಅವಳು ನಂಬಿದ್ದಳು. ಆ ನಂಬಿಕೆಯಿಂದಲೇ ನಮ್ಮ ಜಗಳ ನಿಂತಿತ್ತು, ಕೆದಕುವ ಧೈರ್ಯ ನನಗಾಗಲಿಲ್ಲ.

ಚಿನ್ಮಯಿ ಈಗ ಐದನೇ ಕ್ಲಾಸು. ಜುಟ್ಟು ಕಟ್ಟುವಷ್ಟು ಕೂದಲು ಬಂದಿದೆ, ಎದುರು ಮಾತೂ ಬಂದಿದೆ. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ಪಾಯಸ ಮಾಡಲು ದೊಡ್ಡ ಪಾತ್ರೆ ಬೇಕಾಯಿತು. ಇನ್ನು ಮುಚ್ಚಿಡಲಾರದೆ, ಅಟ್ಟದಲ್ಲಿ ಏನೂ ಇಲ್ಲ, ಎಲ್ಲ ಮಾರಿದ್ದೆ ಎಂದು ಶಶಿಗೆ ಹೇಳಿಬಿಟ್ಟೆ.

"ಗೊತ್ತು" ಎಂದಳು. "ಆಸ್ಪತ್ರೆಯಿಂದ ಒಂದಿನ ಬಟ್ಟೆಗೆ ಅಂತ ಬಂದಾಗ್ಲೇ ನೋಡಿದ್ದೆ. ಸಿಟ್ಟು ನೆತ್ತಿಗೇರಿತ್ತು. ಆಮೇಲೆ ನೀವು ಆ ಡಬ್ಬಿನಾದ್ರೂ ಬಿಡಿಸ್ಕೊಂಡು, ಗಂಜಿ ಮಾಡ್ಕೊಂಡು ಬಂದ್ರಲ್ಲ, ಅಲ್ಲಿಗೆ ಎಲ್ಲಾ ಮರೆತುಬಿಟ್ಟೆ."

"ನಾನು ತಂದಿಲ್ಲ ಶಶಿ."

ತಮಾಷೆಯಲ್ಲ ಎಂದು ಅರ್ಥವಾದ ಮೇಲೆ ಅವಳು ಎದ್ದುಹೋಗಿ ಡಬ್ಬಿ ತಂದಳು, ಸೆರಗಿನಿಂದ ಒರೆಸಿದಳು, ಎರಡು ಹಿಡಿ ಅಕ್ಕಿ ಹಾಕಿ ಮುಚ್ಚಳ ಮುಚ್ಚಿದಳು. ನಮ್ಮಲ್ಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ.

ಯಾರು ತಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ತಿಳಿದಿದ್ದರೆ ಹೋಗಿ ಕಾಲಿಗೆ ಬೀಳುತ್ತಿದ್ದೆ. ಡಬ್ಬಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದೆ. ಹಳೆಯದಾದ ಹಾಗೆ ಶಶಿ ಅಕ್ಕಿ ಬದಲಾಯಿಸುತ್ತಾಳೆ. ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ.