ಒಂದೇ ಚಾನೆಲ್‌ನ ಇಬ್ಬರು

ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ನನ್ನ ಬೈರಾಸಿನ ತುದಿಯಲ್ಲಿ ಕೆಂಪು ಬಣ್ಣ ಬಳಿದ ಮರದ ಕ್ಲಿಪ್ಪೊಂದು ಕಂಡಿತು. ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಿಮಗೆ ಅದು ಬಟ್ಟೆಯ ಕ್ಲಿಪ್ಪು. ನನಗೂ ಸಂಜೀವಣ್ಣನಿಗೂ ಹಲವು ವರ್ಷ ಆಕಾಶದ ಪರವಾನಗಿಯಾಗಿತ್ತು.

ಸಂಜೀವಣ್ಣ ಕದ್ರಿಯಲ್ಲಿ ಹೋಟೆಲು ಇಟ್ಟವರು. ಭಾನುವಾರ ಸಂಜೆ ನಾವಿಬ್ಬರೂ ಸುರತ್ಕಲ್ ಕಡೆಯ ಮುರಕಲ್ಲಿನ ಗುಡ್ಡವೊಂದಕ್ಕೆ ಹೋಗಿ ರೇಡಿಯೊ ರಿಮೋಟಿನಿಂದ ಗ್ಲೈಡರ್ ಹಾರಿಸುತ್ತೇವೆ. ಇಂಜಿನ್ ಇಲ್ಲದ, ಕಡಲ ಗಾಳಿಯನ್ನೇ ನಂಬಿದ ಪುಟ್ಟ ವಿಮಾನ. ಇದು ದೊಡ್ಡವರು ಮಾಡುವ ಕೆಲಸವೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ.

ನಮ್ಮ ಹಳೆಯ ರಿಮೋಟುಗಳೆರಡೂ ದುಬೈಯಿಂದ ಒಂದೇ ಪೆಟ್ಟಿಗೆಯಲ್ಲಿ ಬಂದವು; ಎರಡಕ್ಕೂ ಒಂದೇ ಚಾನೆಲ್. ಒಬ್ಬ ಹಾರಿಸುವಾಗ ಇನ್ನೊಬ್ಬ ತನ್ನ ಸ್ವಿಚ್ ಹಾಕಿದರೆ ಮೇಲಿದ್ದದ್ದು ದಿಕ್ಕು ತಪ್ಪಿ ಬೀಳುತ್ತಿತ್ತು. ಅದಕ್ಕೇ ಈ ಕ್ಲಿಪ್ಪು. ಅದು ಯಾರ ಅಂಗಿಯಲ್ಲಿದೆಯೋ ಅವರು ಹಾರಿಸಬೇಕು. ಇನ್ನೊಬ್ಬರು ಕಲ್ಲಿನ ಮೇಲೆ ಕುಳಿತು, ಕಡಲೆ ತಿನ್ನುತ್ತಾ ಬೈಯಬೇಕು.

"ಎಡಕ್ಕೆ ಮಾರಾಯ, ಎಡಕ್ಕೆ! ಅದೆಂತ ಗ್ಲೈಡರಾ, ಹೇಂಟೆಯಾ?"

ಕಳೆದ ವರ್ಷ ಸಂಜೀವಣ್ಣ ಹೊಸ ರಿಮೋಟು ತಂದರು. ಉದ್ದನೆಯ ಆಂಟೆನಾ ಇಲ್ಲ, ಖಾಲಿ ಚಾನೆಲನ್ನು ತಾನೇ ಹುಡುಕಿಕೊಳ್ಳುತ್ತದೆ. "ಇನ್ನು ಕಾಯ್ಲಿಕ್ಕೇ ಇಲ್ಲ. ನೀನೂ ಒಂದು ತೆಗೆದುಕೋ," ಎಂದರು. ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಕಾಯುವುದೇ ಇಲ್ಲವಾದರೆ ಅವರಿಗೆ ನಾನು ಯಾಕೆ ಬೇಕು? ನನ್ನ ಹಳೆಯದಕ್ಕೂ ಅವರ ಹೊಸದಕ್ಕೂ ತಕರಾರಿಲ್ಲವೆಂದು ಗೊತ್ತಿದ್ದರೂ, ಗೊತ್ತಿಲ್ಲದವನಂತೆ ಕಲ್ಲಿನ ಮೇಲೆ ಕುಳಿತು ಬೈಯುತ್ತಲೇ ಇದ್ದೆ. ಕೊನೆಗೆ ನನ್ನ ರಿಮೋಟು ಸತ್ತೇ ಹೋಯಿತು. ನೆಪ ಮುಗಿಯಿತು, ಹೊಸತು ತಂದೆ. ಹೆಂಡತಿ ಕ್ಲಿಪ್ಪನ್ನು ಬಟ್ಟೆಯ ಕೆಲಸಕ್ಕೆ ಹಚ್ಚಿದಳು.

ಕಳೆದ ಭಾನುವಾರ ಮೊದಲ ಸಲ ಇಬ್ಬರೂ ಒಟ್ಟಿಗೆ ಹಾರಿಸಿದೆವು. ಅವರವರ ಕುತ್ತಿಗೆ ಅವರವರ ಗ್ಲೈಡರಿನ ಕಡೆಗೆ. ಮಾತಿಲ್ಲ, ಬೈಗುಳವೂ ಇಲ್ಲ. ಒಮ್ಮೆಲೇ ಸಂಜೀವಣ್ಣ ಕೂಗಿದರು, "ನೋಡಿದ್ಯಾ? ಪೂರ್ತಿ ಪಲ್ಟಿ ಹೊಡೆಸಿದೆ!"

"ಇಲ್ಲ ಸಂಜೀವಣ್ಣ, ನನ್ನದನ್ನು ನೋಡ್ತಾ ಇದ್ದೆ."

ಅವರ ಮುಖ ಬಾಡಿತು. ಇಷ್ಟು ವರ್ಷ ಒಮ್ಮೆಯೂ ಕೂಡಿಬಾರದ ಪಲ್ಟಿ ಅದು. ಗ್ಲೈಡರ್ ಇಳಿಸಿ ರಿಮೋಟು ಆಫ್ ಮಾಡಿದರು. ಮನೆಗೆ ಹೊರಟರೇನೋ ಎಂದುಕೊಂಡೆ. ಆದರೆ ಅವರು ಹೋಗಿ ಕುಳಿತದ್ದು ಕಲ್ಲಿನ ಮೇಲೆ.

"ನೋಡುವವರಿಲ್ಲದೆ ಎಂತ ಹಾರಿಸುವುದು ಮಾರಾಯ? ನೀನು ಹಾರಿಸು. ನಾನು ಬೈತೇನೆ."

ಕತ್ತಲಾಗುವವರೆಗೂ ಹೊಟ್ಟೆ ತುಂಬ ಬೈಸಿಕೊಂಡೆ.

ಇವತ್ತು ಮತ್ತೆ ಭಾನುವಾರ. ಮೊದಲು ಅವರೇ ಹಾರಿಸುವುದೆಂದು ಫೋನಿನಲ್ಲಿ ತೀರ್ಮಾನವಾಗಿದೆ. ಆ ಪಲ್ಟಿಯನ್ನು ಈ ಸಲ ರೆಪ್ಪೆ ಬಡಿಯದೆ ನೋಡುತ್ತೇನೆ. ಎಷ್ಟೇ ಚೆನ್ನಾಗಿ ಹೊಡೆಸಲಿ, ಬೈಯದೆ ಬಿಡುವವನಲ್ಲ.