ಅಲ್ಲಾಡದ ಕಾರು

ನನ್ನ ತಮ್ಮನ ಹೊಸ ಪುಟ್ಟ ಕಾರನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲಾಡುವುದೇ ಇಲ್ಲವಂತೆ, ಸದ್ದೇ ಬರುವುದಿಲ್ಲವಂತೆ. ಅಯ್ಯೋ, ನಮ್ಮವ್ವನನ್ನು ಕೊನೆಗಾಲದಲ್ಲಿ ಅಳಿಸಿದ್ದೇ ಅದು!

ಅಪ್ಪನ ಕಾಲದ ದುಂಡು ಮೂತಿಯ ಕಾರೇನೂ ಮಹಾ ಸುಖದ್ದಲ್ಲ, ಬಿಡಿ. ಬಾಗಿಲು ಎರಡೆರಡು ಸಲ ಬಡಿದರೇ ಮುಚ್ಚುತ್ತಿತ್ತು. ಕಂಬಂ ಪೇಟೆಗೆ ಹೋಗಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು, ಸೀರೆಗೆಲ್ಲ ಪೆಟ್ರೋಲ್ ವಾಸನೆ. ಆದರೆ ಹಿಂದಿನ ಸೀಟು ಮಂಚದ ಹಾಗಿತ್ತು. ನಮ್ಮಲ್ಲಿ ಆಸ್ಪತ್ರೆ ಕೈಬಿಟ್ಟವರನ್ನು ಉಸಿರಿರುವಾಗಲೇ ಮನೆಯ ಹೊಸ್ತಿಲು ದಾಟಿಸಬೇಕು. ಅಜ್ಜಿಯನ್ನೂ ಆಮೇಲೆ ಅಪ್ಪನನ್ನೂ ಅದರಲ್ಲೇ ಮಲಗಿಸಿ ತಂದಿದ್ದೆವು. ಹೋದ ವರ್ಷ ತಮ್ಮ ಅದನ್ನು ಚಿನ್ನಾಳಪಟ್ಟಿಯ ಸೀರೆ ವ್ಯಾಪಾರಿಗೆ ಮಾರಿದ. ಈಗ ಅದು ಹೂ ಮುಡಿದು ಮದುವೆ ಹೆಣ್ಣುಗಂಡುಗಳನ್ನು ಹೊರುತ್ತದೆ.

ದಿಂಡಿಗಲ್ಲಿನ ಡಾಕ್ಟರು "ಮನೆಗೆ ಕರೆದುಕೊಂಡು ಹೋಗಿ" ಎಂದ ದಿನ, ಅವ್ವನನ್ನು ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಸಿದೆವು. ತಮ್ಮ ಗಾಜು ಏರಿಸಿ ಏಸಿ ಹಾಕಿದ. ಅವ್ವನಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು.

ವತ್ತಲಗುಂಡು ದಾಟಿದ ಮೇಲೆ ಶುರು ಮಾಡಿದಳು.

"ವಂಡಿ ಯಾಕ್ರಾ ನಿಂತದೆ? ಹೊಳ್ಡ್ರಾ."

"ಓಡ್ತಾನೇ ಅದೆ ಅವ್ವಾ. ತೇನಿ ಹತ್ರ ಬಂತು."

"ಪೊಯ್ ಹೇಳ್ಬ್ಯಾಡ. ನನ್ನ ಇಲ್ಲೇ ಸಾಯಾಕ್ ಬಿಟ್ರಾ?"

ನಾನೇಕೆ ಸುಳ್ಳು ಹೇಳಲಿ? ಅಲ್ಲಾಡಿದರೆ ತಾನೇ ಅವಳಿಗೆ ಕಾರು ಓಡುವುದು ಗೊತ್ತಾಗುವುದು! ಗಾಜು ಇಳಿಸಿ ನೋಡಿದೆವು, ಗಾಳಿ ತಡೆಯಲಾರದೆ ಕೆಮ್ಮಿ ಕೆಮ್ಮಿ ಸುಸ್ತಾದಳು. ಮತ್ತೆ ಏರಿಸಿದೆವು. ಚಿನ್ನಮನೂರಿನ ತನಕ ಒಂದೇ ಅಳು, ಒಂದೇ ಮಾತು. "ಮನೆಗೆ ಹೊಳ್ಡ್ರಾ."

ಉತ್ತಮಪಾಳಯ ಕಳೆದು ನಮ್ಮೂರು ಕೊಂಬೈ ಕಡೆ ತಿರುಗಿದ್ದೇ ತಡ, ತಮ್ಮ ಟಾರು ರಸ್ತೆ ಬಿಟ್ಟು ತೆಂಗಿನ ತೋಪಿನ ಕಲ್ಲು ದಾರಿಗೆ ಕಾರು ಇಳಿಸಿದ. ಅಡಿಭಾಗ ಕಲ್ಲಿಗೆ ಕಿರ್ರೆಂದು ಉಜ್ಜಿತು.

"ಹುಚ್ಚೇನ್ರಾ ನಿಂಗೆ?" ಎಂದು ರೇಗಿದೆ.

"ಅವ್ವಂಗೆ ಗೊತ್ತಾಗ್ಲಿ ಅಕ್ಕಾ," ಅಂದ.

ಕಾರು ಒಮ್ಮೆ ನಮ್ಮನ್ನು ಎತ್ತಿ ಹಾಕಿತು. ಅವ್ವ ನನ್ನ ಸೆರಗು ಹಿಡಿದುಕೊಂಡಳು.

"ಆಂ, ಈಗ ಹೊಳ್ಟ್ತು," ಅಂದಳು. ಹುಬ್ಬಿನ ಗಂಟು ಬಿಚ್ಚಿತು.

ಮನೆ ಕೂಗಳತೆಯಲ್ಲಿತ್ತು. ನನ್ನ ತೊಡೆಯ ಮೇಲೆ ಅವಳ ತಲೆ ಭಾರವಾಯಿತು. ಮೂಗಿನ ಬಳಿ ಬೆರಳಿಟ್ಟು ನೋಡಿದೆ, ಉಸಿರಿರಲಿಲ್ಲ. ಮುಂದೆ ಕೂತ ತಮ್ಮ ಇನ್ನೂ ಗುಂಡಿ ಹುಡುಕಿ ಹುಡುಕಿ ಚಕ್ರ ಇಳಿಸುತ್ತಿದ್ದ. ಅವ್ವನ ತಲೆ ಜಾರದಂತೆ ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.