ಕೋರ್ಟು ಬಿಟ್ಟ ಮಿಷನ್ನು

ಗೋಪಮ್ಮನ ಗಂಡ ವೆಂಕೋಬ ಕೆಟ್ಟವನಾಗಿದ್ದರೆ ಅವಳಿಗೆ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು. ಕುಡಿಯುವ ಗಂಡನನ್ನು ಓಣಿ ಕೇಳುವಂತೆ ಬೈಯಬಹುದು, ಇಸ್ಪೀಟಾಡುವವನ ಜೇಬು ತಡಕಬಹುದು. ಇವನು ಎರಡಕ್ಕೂ ಸೇರಿದವನಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಸಣ್ಣ ಅಂಗಡಿಯಲ್ಲಿ ಬೆಳಗಿನಿಂದ ಸಂಜೆತನಕ ತಲೆ ತಗ್ಗಿಸಿ ಹೊಲಿಯುತ್ತಿದ್ದ. ಅಳತೆ ತಪ್ಪುತ್ತಿರಲಿಲ್ಲ, ಉಳಿದ ಬಟ್ಟೆಯ ಚೂರನ್ನೂ ಮಡಚಿ ಗಿರಾಕಿಯ ಕೈಗಿಡುತ್ತಿದ್ದ. ಅವನಿಗಿದ್ದ ಚಟ ಒಂದೇ: ಮಾಡುವುದನ್ನೆಲ್ಲ ಮಾಡಿ ಮುಗಿಸಿ ಆಮೇಲೆ ಹೆಂಡತಿಗೆ ಹೇಳುವುದು.

ಬೆಲ್‌ಬಾಟಂ ವಿಷಯದಲ್ಲೂ ಹಾಗೇ ಆಯಿತು. ಎಪ್ಪತ್ತೆಂಟರ ಸುಮಾರಿಗೆ ಮಾನ್ವಿ, ಸಿರವಾರದ ಕಡೆ ಕಾಲುವೆ ನೀರು ಬಂದು ಭತ್ತದ ರೊಕ್ಕ ಓಡಾಡುತ್ತಿತ್ತು. ಹುಡುಗರೆಲ್ಲ ಸಿನಿಮಾ ನೋಡಿ ಬಂದು ನೆಲ ಗುಡಿಸುವಂಥ ಪ್ಯಾಂಟು ಕೇಳುತ್ತಿದ್ದರು. ಮೊದಲೇ ಹೊಲಿದಿಟ್ಟು ಸಂತೆಗೆ ಒಯ್ದರೆ ಹೇಗೆ ಎಂದು ವೆಂಕೋಬನ ತಲೆಗೆ ಹೊಳೆಯಿತು. ಮೊದಮೊದಲು ನಡೆಯಿತು ಕೂಡ. ಆ ಹುರುಪಿನಲ್ಲಿ ಮಾನ್ವಿಯ ಜವಳಿ ವ್ಯಾಪಾರಿ ರಾಮಲಿಂಗಪ್ಪನ ಹತ್ತಿರ ಥಾನುಗಟ್ಟಲೆ ಬಟ್ಟೆ ಉದ್ರಿ ತಂದ, ಇನ್ನೆರಡು ಮಿಷನ್ನು ಕೊಂಡ, ಆಳು ಇಟ್ಟ. ಅಂಗಡಿಯ ಅಟ್ಟ ತುಂಬ ಬೆಲ್‌ಬಾಟಂ ಪೇರಿಸಿದ. ಎರಡು ವರ್ಷದಲ್ಲಿ ಅದೇ ಹುಡುಗರು ಮತ್ತೊಂದು ಸಿನಿಮಾ ನೋಡಿ ಬಂದರು. ಈಗ ಕಾಲಿಗೆ ಅಂಟಿಕೊಳ್ಳುವ ಪ್ಯಾಂಟು ಬೇಕಂತೆ.

ಬಡ್ಡಿ ಬೆಳೆಯಿತು. ರಾಮಲಿಂಗಪ್ಪ ವಾರಕ್ಕೊಮ್ಮೆ ಬಸ್ಸಿಳಿದು ಬಂದು ಅಂಗಡಿಯ ಮುಂದೆ ಕೂರತೊಡಗಿದ. ಕೊನೆಗೆ ಒಬ್ಬ ವಕೀಲರ ಮಾತು ಕೇಳಿ ವೆಂಕೋಬ ಐಪಿ ಹಾಕಿದ. ದಿವಾಳಿ ಅರ್ಜಿಗೆ ಆ ಕಡೆಯವರೆಲ್ಲ ಹಾಗೇ ಅನ್ನುತ್ತಾರೆ. ಇರುವುದನ್ನೆಲ್ಲ ಕೋರ್ಟಿಗೆ ಒಪ್ಪಿಸುವುದು. ಕೋರ್ಟು ಅದನ್ನು ಮಾರಿ, ಸಾಲ ಕೊಟ್ಟವರಿಗೆ ಅವರವರ ಪಾಲಿನಷ್ಟು ಹಂಚಿ, ಮುಂದೊಂದು ದಿನ ಇವನನ್ನು ಋಣದಿಂದ ಬಿಡಿಸುವುದು. ಸಾಲ ಕೊಟ್ಟವರ ಪಟ್ಟಿಯನ್ನು ವಕೀಲರು ಓದಿ ಹೇಳುವಾಗ ಗೋಪಮ್ಮನಿಗೆ ಗೊತ್ತಾದದ್ದು, ಅದರಲ್ಲಿ ಬೂದೆಮ್ಮನ ಹೆಸರೂ ಇದೆ ಎಂದು. ಹಿಂದಿನ ಓಣಿಯ ಬೂದೆಮ್ಮ ಹತ್ತಿಯ ಜಿನ್ನಿನಲ್ಲಿ ಕೂಲಿ ಮಾಡುವ ವಿಧವೆ. ಮಗಳು ದುರುಗಮ್ಮನ ಮದುವೆಗೆಂದು ಕಟ್ಟಿಟ್ಟಿದ್ದ ಗಂಟನ್ನು ಒಂದು ಚೀಟಿಯೂ ಇಲ್ಲದೆ ಇವನ ಕೈಗೆ ಕೊಟ್ಟಿದ್ದಳು. ಅವಳಿಂದಲೂ ತಂದಿರಾ ಎಂದು ಮನೆಗೆ ಬಂದು ಗೋಪಮ್ಮ ಕೇಳಿದಾಗ, ಗುಂಡಿ ಹಚ್ಚುತ್ತಿದ್ದ ವೆಂಕೋಬ ಇನ್ನೊಂದು ಗುಂಡಿಗೆ ದಾರ ಪೋಣಿಸಿಕೊಂಡ.

ಕೋರ್ಟು ನೇಮಿಸಿದ ಅಧಿಕಾರಿ ಬಂದು ಎರಡು ಮಿಷನ್ನು, ಗಾಜಿನ ಬೀರು, ಅಟ್ಟದ ಗಂಟುಗಳನ್ನೆಲ್ಲ ಹೊರಿಸಿಕೊಂಡು ಹೋದ. ಬೆಲ್‌ಬಾಟಂಗಳನ್ನು ಹರಾಜಿನಲ್ಲಿ ಕೊಂಡವರು ಕೌದಿ ಹೊಲಿಯುವ ಹೆಣ್ಣುಮಕ್ಕಳು. ಒಂದೊಂದು ಕಾಲಿನಲ್ಲೂ ಒಳ್ಳೇ ಅಗಲದ ಬಟ್ಟೆ ಸಿಗುತ್ತದೆಂದು ಆರಿಸಿ ಆರಿಸಿ ಒಯ್ದರು. ಆದರೆ ವೆಂಕೋಬ ತಾನು ಕೂತು ಹೊಲಿಯುತ್ತಿದ್ದ ಹಳೇ ಮಿಷನ್ನು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಮನೆಯ ಅಡುಗೆ ಪಾತ್ರೆ, ಹಾಸಿಗೆ ಇವನ್ನು ಅಧಿಕಾರಿ ಮುಟ್ಟಲಿಲ್ಲ. ಗೋಪಮ್ಮ ನಂಬದೆ ಎರಡೆರಡು ಸಲ ಕೇಳಿದಳು.

"ಇದು ಕಸುಬಿನ ಸಾಮಾನು ತಾಯಿ. ಸಾಲ ಕೊಟ್ಟವ್ರು ಮುಟ್ಟಂಗಿಲ್ಲ, ಕೋರ್ಟೂ ಮುಟ್ಟಂಗಿಲ್ಲ. ದುಡಕೊಂಡು ತಿನ್ರಿ," ಎಂದು ಅವನು ಹೇಳಿ ಹೋದ.

ಆ ದಿನ ಗೋಪಮ್ಮ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ ಮನೆಯ ಪಡಸಾಲೆಯಲ್ಲಿ ಇಡಿಸಿದಳು. ತಿಂಗಳೊಪ್ಪತ್ತು ಕಳೆದಿರಬೇಕು. ಮಾರ್ಕೆಟ್ಟಿನಿಂದ ಕಾಯಿಪಲ್ಲೆ ತಂದು ಒಳಗೆ ಬಂದರೆ ಪಡಸಾಲೆ ಬಯಲಾಗಿತ್ತು. ವೆಂಕೋಬ ಗೋಡೆಗೊರಗಿ ಕೂತಿದ್ದ.

"ಮಿಷನ್ ಎಲ್ಲೈತ್ರೀ?"

"ಬೂದೆಮ್ಮಗ ಕೊಟ್ಟು ಬಂದೆ. ಆಕಿ ರೊಕ್ಕದ ಬದ್ಲಿ."

ಗೋಪಮ್ಮನ ಕೈಯ ಚೀಲ ಹಾಗೇ ನೆಲಕ್ಕಿಳಿಯಿತು. "ಕೋರ್ಟೇ ಬಿಟ್ಟಿತ್ತಲ್ರೀ ಅದನ್ನ."

"ಕೋರ್ಟು ಬಿಟ್ಟದ್ದಕ್ಕ ಅದು ನಂದಾತು. ನಂದು ಅಂತ ಕೊಟ್ಟೆ."

ಬೂದೆಮ್ಮ ದಿನಾ ಜಿನ್ನಿಗೆ ಹೋಗುವಾಗ ಬಾಗಿಲ ಮುಂದೆಯೇ ಹೋಗುತ್ತಾಳೆ, ಒಂದು ಮಾತೂ ಕೇಳುವುದಿಲ್ಲ, ಕೇಳಿದ್ದರೆ ಸಹಿಸಿಕೊಳ್ಳಬಹುದಿತ್ತು ಎಂದು ಅವನು ಇನ್ನೂ ಏನೇನೋ ಹೇಳುತ್ತಿದ್ದ. ಗೋಪಮ್ಮ ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಬಸ್ಸಿಗೇ ದೇವದುರ್ಗದ ತವರಿಗೆ ಹೋಗಿಬಿಟ್ಟಳು. ಅಣ್ಣ ತಾಯಣ್ಣ ತಂಗಿಯ ದೂರನ್ನೆಲ್ಲ ಸಮಾಧಾನದಿಂದ ಕೇಳಿದ. ಅವಳಿಗೆ ಬೇಕಾದಷ್ಟು ಸಿಟ್ಟು ಮಾತ್ರ ಅವನಿಗೆ ಬರಲಿಲ್ಲ. ನಿನ್ನ ಗಂಡ ಬಾಯಿ ಬಿಡುವವನಲ್ಲ, ನೀನೇ ಹೋಗಿ ಬೂದೆಮ್ಮನ ಹತ್ತಿರ ಮಾತಾಡಿ ಮಿಷನ್ನು ತಿರುಗಿ ತಂದುಕೋ ಎಂದ. ಅದೂ ಸರಿಯೆನಿಸಿ, ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿಕೊಳ್ಳುತ್ತ ಅವಳು ರಾಯಚೂರಿಗೆ ಮರಳಿದಳು.

ಜಗಳ ತೆಗೆಯಲು ಹೋದವಳಿಗೆ ಬಾಯಿ ತೆರೆಯಲು ಬಿಡದೆ ಬೂದೆಮ್ಮನೇ ಶುರು ಮಾಡಿದಳು. ಒಂದೇ ಕೋಣೆಯ ಮನೆ. ಅದರ ನಟ್ಟನಡುವೆ ಮಿಷನ್ನು ಕೂತಿತ್ತು, ಮೇಲೆ ಗೋಣಿತಟ್ಟು ಹೊದ್ದುಕೊಂಡು.

"ನಾ ರೊಕ್ಕ ಕೊಟ್ಟಿದ್ದೆ ಯವ್ವಾ, ಈ ಕಬ್ಬಿಣ ತಗೊಂಡು ಏನ್ ಮಾಡ್ಲಿ? ಕಾಲು ಚಾಚಾಕ ಜಾಗ ಇಲ್ಲ. ಮಾರಾಕ ಹೋದ್ರ ಗುಜರಿ ರೇಟಿಗಿ ಕೇಳ್ತಾರ. ನನ್ನ ರೊಕ್ಕ ಕೊಡ್ರಿ, ಇದನ್ನ ಒಯ್ರಿ."

ರೊಕ್ಕ ಎಲ್ಲಿಂದ ತರುವುದು? ಗೋಪಮ್ಮ ಗೋಣಿತಟ್ಟು ಸರಿಸಿ ನೋಡಿದಳು. ದುರುಗಮ್ಮ ಏನೋ ಹೊಲಿಯಲು ಹೋಗಿ ದಾರ ಗಂಟುಗಂಟಾಗಿ ಸಿಕ್ಕಿಕೊಂಡಿದ್ದು ಕಂಡಿತು. ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಆ ಜಿಗುಟು ನೋಡಿ ಗೋಪಮ್ಮನಿಗೆ ಮೈ ಪರಚಿಕೊಳ್ಳುವಂತಾಯಿತು. ಗಂಡನ ಕೆಲಸ ನೋಡಿ ನೋಡಿ ಹೊಲಿಗೆ ಕಲಿತಿದ್ದವಳು ಸೀರೆಯ ಸೆರಗು ಸಿಕ್ಕಿಸಿ ಕೂತು, ದಾರ ಬಿಡಿಸಿ, ಸೀಮೆಎಣ್ಣೆಯಲ್ಲಿ ಎಲ್ಲ ಒರೆಸಿ, ಸೂಜಿ ಬದಲಿಸಿ, ಹರಿದ ಕುಪ್ಪಸವೊಂದನ್ನು ಹೊಲಿದು ತೋರಿಸಿದಳು. ದುರುಗಮ್ಮ ಇನ್ನೊಮ್ಮೆ ತೋರಿಸೆಂದಳು. ಮನೆಗೆ ಹೋಗಿ ಗಂಡನಿಗೆ ಏನು ಹೇಳಬೇಕೋ ತಿಳಿಯದೆ ಗೋಪಮ್ಮ ಮರುದಿನವೂ ಅಲ್ಲಿಗೇ ಹೋದಳು. ವಾರದೊಳಗೆ ಓಣಿಯ ಕುಪ್ಪಸ, ಲಂಗಗಳು ಬೂದೆಮ್ಮನ ಮನೆಗೆ ಬರತೊಡಗಿದವು. ಬಂದ ಹಣದಲ್ಲಿ ಅರ್ಧ ಗೋಪಮ್ಮನದು, ಅರ್ಧ ಮಿಷನ್ನಿನ ಒಡತಿಯದು. ವೆಂಕೋಬ ಸತ್ತಾರ್ ಸಾಬನ ಅಂಗಡಿಯಲ್ಲಿ ಕೂಲಿಗೆ ಹೊಲಿಯತೊಡಗಿದ್ದ. ತನ್ನ ಮಿಷನ್ನಿಗೆ ತನ್ನ ಹೆಂಡತಿಯೇ ಬಾಡಿಗೆ ಕಟ್ಟುತ್ತಿದ್ದಾಳೆಂದು ಅವನಿಗೆ ನಗು ಬಂತೋ ನಾಚಿಕೆಯಾಯಿತೋ ಅವನಿಗೇ ಗೊತ್ತು.

ಅಷ್ಟರಲ್ಲಿ ಸುದ್ದಿ ಮಾನ್ವಿ ಮುಟ್ಟಿತು. ಒಬ್ಬಳಿಗೆ ಕೊಟ್ಟು ಉಳಿದವರಿಗೆ ಕೈ ಎತ್ತಿದ್ದಾನೆ, ಇದು ಮೋಸ, ಆ ಮಿಷನ್ನು ವಾಪಸು ತರಿಸಿ ಎಲ್ಲರಿಗೂ ಹಂಚಬೇಕು, ಇವನನ್ನು ಋಣದಿಂದ ಬಿಡಕೂಡದು ಎಂದು ರಾಮಲಿಂಗಪ್ಪ ಕೋರ್ಟಿಗೆ ತಕರಾರು ಹಾಕಿದ. ವಕೀಲರು ವೆಂಕೋಬನನ್ನು ಕರೆಸಿ ಕೆರಳಿದರು. ಕಾನೂನು ಉಳಿಸಿಕೊಟ್ಟ ಒಂದೇ ಒಂದು ಸಾಮಾನನ್ನು ಯಾವ ಮೂರ್ಖ ದಾನ ಮಾಡುತ್ತಾನೆ ಎಂದರು. ದಾನವಲ್ಲ, ಬಾಕಿ ಎಂದು ಇವನು ತಿದ್ದಿದ. ಪಕ್ಕದಲ್ಲಿದ್ದ ಗೋಪಮ್ಮನಿಗೆ ವಕೀಲರ ಮೇಲೆ ಮೊದಲ ಬಾರಿಗೆ ಕನಿಕರ ಹುಟ್ಟಿತು.

ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿ ಸಲವೂ ಗೋಪಮ್ಮ ಒಂದು ದಿನದ ಕೆಲಸ ಬಿಟ್ಟು ಕೋರ್ಟಿನ ಬೇವಿನ ಮರದ ಕೆಳಗೆ ಕೂರಬೇಕು, ರಾಮಲಿಂಗಪ್ಪ ಮಾನ್ವಿಯಿಂದ ಬಸ್ಸಿನಲ್ಲಿ ಜೋಲಿ ಹೊಡೆಯುತ್ತ ಬರಬೇಕು. ಒಂದು ದಿನ ಅವನು ತಡೆಯಲಾರದೆ ನೇರವಾಗಿ ವೆಂಕೋಬನನ್ನೇ ಕೇಳಿದ.

"ಆಕಿಗಿ ಕೊಟ್ಟಿ. ನನಗ್ಯಾಕ ಕೊಡ್ಲಿಲ್ಲ?"

"ಸಾಹುಕಾರ್ರ, ಮಿಷನ್ ಒಂದೇ ಇತ್ರಿ."

ರಾಮಲಿಂಗಪ್ಪ ಗೋಪಮ್ಮನ ಮುಖ ನೋಡಿದ. ಇಂಥವನ ಜೊತೆ ಹೇಗೆ ಬಾಳುತ್ತೀಯವ್ವ ಎಂಬಂತಿತ್ತು ಆ ನೋಟ.

ಕೊನೆಗೆ ಜಡ್ಜ್ ಸಾಹೇಬರು ತಕರಾರನ್ನು ತಳ್ಳಿಹಾಕಿದರು. ವಕೀಲರು ಹೊರಗೆ ಬಂದು ಬಿಡಿಸಿ ಹೇಳಿದರು: ಆ ಮಿಷನ್ನು ಮೊದಲಿನಿಂದಲೂ ಹಂಚುವ ಆಸ್ತಿಯಲ್ಲಿ ಸೇರಿರಲೇ ಇಲ್ಲ. ಇವನು ಇಟ್ಟುಕೊಂಡಿದ್ದರೂ ಉಳಿದವರಿಗೆ ಅದರಲ್ಲಿ ಒಂದು ಪೈಸೆ ಬರುತ್ತಿರಲಿಲ್ಲ, ಕೊಟ್ಟದ್ದರಿಂದ ಅವರಿಗೆ ಒಂದು ಪೈಸೆ ನಷ್ಟವಾಗಲೂ ಇಲ್ಲ. ತನ್ನದನ್ನು ಯಾರಿಗಾದರೂ ಕೊಡಲಿ. ಮುಂದಿನ ವರ್ಷ ವೆಂಕೋಬನಿಗೆ ಋಣವಿಮುಕ್ತಿಯೂ ಆಯಿತು. ಗೆದ್ದೆವಲ್ಲ ಎಂದು ಅವನು ಮೆಲ್ಲಗೆ ಅಂದಾಗ, ಗೆದ್ದದ್ದು ಏನು, ಎಲ್ಲಿದೆ ತೋರಿಸಿರಿ ಎಂದು ಗೋಪಮ್ಮ ಕೇಳಿದಳು.

ಎಂಬತ್ತೈದರಲ್ಲಿ ದುರುಗಮ್ಮನಿಗೆ ಕಲ್ಲೂರಿನ ಗಂಡು ಗೊತ್ತಾಯಿತು. ಹುಡುಗಿಗೆ ಹೊಲಿಗೆ ಬರುತ್ತದೆ, ಮಿಷನ್ನೂ ಇದೆ ಎಂದು ಗಂಡಿನವರು ಬೇರೇನೂ ಕೇಳಲಿಲ್ಲ. ಮದುವೆಯ ಮರುದಿನ ಮಿಷನ್ನು ಬಸ್ಸಿನ ಟಾಪ್ ಮೇಲೆ ಕಲ್ಲೂರಿಗೆ ಹೋಯಿತು. ಬೂದೆಮ್ಮ ಗೋಪಮ್ಮನ ಕೈ ಹಿಡಿದು ಅತ್ತಳು. ಗೋಪಮ್ಮನಿಗೂ ಅಳು ಬಂತು. ಜೊತೆಗೆ, ನಾಳೆಯಿಂದ ಎಲ್ಲಿ ಕೂತು ಹೊಲಿಯುವುದೆಂದು ಸಿಟ್ಟೂ ಬಂತು.

ಕೂಡಿಟ್ಟ ತನ್ನ ಅರ್ಧ ಪಾಲಿನಲ್ಲಿ ಅವಳು ಹೊಸ ಮಿಷನ್ನಿಗೆ ಮುಂಗಡ ಕಟ್ಟಿದಳು, ಉಳಿದದ್ದು ಕಂತಿನ ಮೇಲೆ. ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ತನ್ನ ಹೆಸರನ್ನೇ ಬರೆಯಲು ಹೇಳಿದಳು. ಮನೆಗೆ ತಂದು ಇಳಿಸಿದ ಮೇಲೆ ವೆಂಕೋಬ ಸುತ್ತ ತಿರುಗಿ ನೋಡಿದ, ಚಕ್ರ ತಿರುಗಿಸಿ ನೋಡಿದ, ಚಲೋ ಅದ ಎಂದ.

"ಇದನ್ನ ಯಾರಿಗರ ಕೊಡಬೇಕಂತ ಮನಸಿಗಿ ಬಂದ್ರ, ಮೊದ್ಲು ನನಗ ಹೇಳ್ರಿ," ಎಂದಳು ಗೋಪಮ್ಮ.

ವೆಂಕೋಬ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ.